ಡ್ರೈವರ್ ಹೊಡೆತ ಬಲಕ್ಕೆ ಬಾಗುತ್ತಿದೆಯೇ? ಸ್ಲೈಸ್ ತಿದ್ದಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಟೀ ಎಂಬ ಪುಟ್ಟ ಗೂಟದ ಮೇಲಿಂದ, ಅತಿ ದೂರ ಹೊಡೆಯಲು ಬಳಸುವ ಡ್ರೈವರ್ ಎಂಬ ಕ್ಲಬ್ಬಿನ (ಗಾಲ್ಫ್ ಕೋಲಿನ) ಹೊಡೆತಕ್ಕೆ ಹೊರಟ ಚೆಂಡು ಮೊದಲ ನೂರು ಗಜ ಚೆನ್ನಾಗಿಯೇ ಸಾಗಿ, ಆಮೇಲೆ ಯಾರೋ ದಾರ ಕಟ್ಟಿ ಎಳೆದಂತೆ ಬಲಕ್ಕೆ ತಿರುಗಿ ಮರಗಳ ಸಾಲಿನಲ್ಲಿ ಮರೆಯಾಗುವುದನ್ನು ಗಾಲ್ಫ್ ಕಲಿತ ಬಹುತೇಕ ಎಲ್ಲರೂ ನೋಡಿರುತ್ತಾರೆ. ಇದೇ ಸ್ಲೈಸ್. ಬೆಂಗಳೂರಿನಲ್ಲಿ ಆಟ ಕಲಿತ ಮೊದಲ ಮೂರು ವರ್ಷಗಳನ್ನು ನಾನು ಈ ದೋಷದ ಜೊತೆಯಲ್ಲೇ ಕಳೆದೆ. ತಲೆ ಎತ್ತಬೇಡಿ, ಮೆಲ್ಲಗೆ ಹೊಡೆಯಿರಿ, ಎಡಗಡೆಗೆ ಗುರಿ ಇಟ್ಟುಕೊಳ್ಳಿ ಎಂದು ಜೊತೆಗಾರರು ಪ್ರೀತಿಯಿಂದಲೇ ಹೇಳುತ್ತಿದ್ದರು. ಮೊದಲಿನ ಎರಡು ಸಲಹೆಗಳಿಂದ ಏನೂ ಬದಲಾಗಲಿಲ್ಲ. ಮೂರನೆಯದರಿಂದ ಸ್ಲೈಸ್ ಇನ್ನಷ್ಟು ಹೆಚ್ಚಿತು.

ಆ ಮೂರು ವರ್ಷಗಳ ಬಳಿಕ ನನಗೆ ಮನವರಿಕೆಯಾದ ಮುಖ್ಯ ಸಂಗತಿಯೆಂದರೆ, ಸ್ಲೈಸಿನ ಚಿಕಿತ್ಸೆಯಲ್ಲಿ ಕ್ರಮವೇ ಎಲ್ಲಕ್ಕಿಂತ ದೊಡ್ಡದು. ಮೊದಲು ಕ್ಲಬ್ಬಿನ ಮುಖವನ್ನು, ಅಂದರೆ ಚೆಂಡಿಗೆ ತಾಗುವ ಅದರ ಮೇಲ್ಮೈಯನ್ನು, ಸರಿಪಡಿಸಬೇಕು, ಆಮೇಲೆ ನಿಲುವನ್ನು, ಅದಾದ ಮೇಲಷ್ಟೇ ಸ್ವಿಂಗಿನ, ಅಂದರೆ ಕ್ಲಬ್ಬು ಬೀಸುವ, ಹಾದಿಯನ್ನು. ಹೆಚ್ಚಿನವರು ಹಾದಿಯಿಂದಲೇ ಕೆಲಸ ಶುರುಮಾಡುತ್ತಾರೆ. ಮುಖ ಇನ್ನೂ ತೆರೆದೇ, ಅಂದರೆ ಬಲಕ್ಕೆ ತಿರುಗಿಯೇ, ಇರುವಾಗ ಹಾದಿಯನ್ನು ಮಾತ್ರ ಸರಿಪಡಿಸಿದರೆ ಚೆಂಡು ಹೊರಡುವಾಗಲೇ ಬಲಕ್ಕೆ ಹೊರಟು, ಇನ್ನೂ ಬಲಕ್ಕೆ ಬಾಗಿ, ಹಿಂದೆಂದೂ ಹೋಗದಷ್ಟು ದೂರ ಹೋಗಿ ಬೀಳುತ್ತದೆ. ಅದನ್ನು ಕಂಡು ಹೆದರಿದ ದೇಹ ಮರು ಹೊಡೆತದಲ್ಲೇ ಹಳೆಯ ಅಭ್ಯಾಸಕ್ಕೆ ಮರಳುತ್ತದೆ. ಆದ್ದರಿಂದ ಕೆಳಗಿನ ಹೆಜ್ಜೆಗಳನ್ನು ಹಾರಿಸಿ ಓದಬೇಡಿ ಎಂದು ಕೇಳಿಕೊಳ್ಳುತ್ತೇನೆ. ಇಲ್ಲಿರುವ ಎಡ ಬಲಗಳೆಲ್ಲ ಬಲಗೈ ಆಟಗಾರರಿಗೆ ಹೇಳಿದವು. ಎಡಗೈಯಲ್ಲಿ ಆಡುವವರು ಅವನ್ನು ಅದಲುಬದಲು ಮಾಡಿಕೊಂಡರೆ ಸಾಕು.

ಚೆಂಡು ಬಾಗುವುದೇಕೆ

ಕ್ಲಬ್ಬಿನ ಮುಖಕ್ಕೆ ಚೆಂಡು ಅಂಟಿಕೊಂಡಿರುವ ಅವಧಿ, ಒಂದು ಸೆಕೆಂಡನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಮಾತ್ರ. ಆ ಗಳಿಗೆಯಲ್ಲಿ ಎರಡು ಸಂಗತಿಗಳು ಚೆಂಡಿನ ಹಣೆಬರಹವನ್ನು ಬರೆದುಬಿಡುತ್ತವೆ: ಕ್ಲಬ್ಬಿನ ಮುಖ ಯಾವ ಕಡೆ ನೋಡುತ್ತಿತ್ತು, ಮತ್ತು ಕ್ಲಬ್ಬು ಯಾವ ಕಡೆಗೆ ಸಾಗುತ್ತಿತ್ತು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ಮುಖವೇ ನಿರ್ಧರಿಸುತ್ತದೆ. ಡ್ರೈವರ್‌ನಲ್ಲಂತೂ ಅದರ ಪಾಲು ಮುಕ್ಕಾಲಿಗಿಂತ ಹೆಚ್ಚು. ಹೊರಟ ಮೇಲೆ ಅದು ಎತ್ತ ಬಾಗುತ್ತದೆ ಎಂಬುದನ್ನು ನಿರ್ಧರಿಸುವುದು ಮುಖಕ್ಕೂ ಹಾದಿಗೂ ನಡುವಿನ ವ್ಯತ್ಯಾಸ. ಹಾದಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ತಿರುಗುವ ಅಕ್ಷ ಬಲಕ್ಕೆ ವಾಲುತ್ತದೆ, ಗಾಳಿ ಅದನ್ನು ಎತ್ತುವ ಬಲವೂ ಅದೇ ಕಡೆಗೆ ವಾಲುತ್ತದೆ, ಚೆಂಡು ಬಲಕ್ಕೆ ಹೋಗುತ್ತದೆ.

ಇಲ್ಲೊಂದು ಉದಾಹರಣೆ ನೋಡೋಣ. ಕ್ಲಬ್ಬು ಗುರಿಯ ಗೆರೆಗಿಂತ 6 ಡಿಗ್ರಿ ಎಡಕ್ಕೆ ಸಾಗುತ್ತಿದೆ, ಮುಖ 2 ಡಿಗ್ರಿ ಎಡಕ್ಕೆ ನೋಡುತ್ತಿದೆ ಎಂದಿಟ್ಟುಕೊಳ್ಳಿ. ಗುರಿಗೆ ಹೋಲಿಸಿದರೆ ಮುಖ ಮುಚ್ಚಿದೆ, ಹಾದಿಗೆ ಹೋಲಿಸಿದರೆ 4 ಡಿಗ್ರಿ ತೆರೆದಿದೆ. ಚೆಂಡು ತುಸು ಎಡಕ್ಕೆ ಹೊರಟು ಜೋರಾಗಿ ಬಲಕ್ಕೆ ಬಾಗುತ್ತದೆ. ಅದು ಬಲಗಡೆ ಬಿದ್ದುದನ್ನು ಕಂಡ ಆಟಗಾರ ಮುಂದಿನ ಸಲ ಇನ್ನೂ ಎಡಕ್ಕೆ ತಿರುಗಿ ನಿಲ್ಲುತ್ತಾನೆ. ಹಾದಿ ಇನ್ನಷ್ಟು ಎಡಕ್ಕೆ ಹೋಗಿ ವ್ಯತ್ಯಾಸ ಹೆಚ್ಚುತ್ತದೆ, ಬಾಗು ದೊಡ್ಡದಾಗುತ್ತದೆ. ಸ್ಲೈಸ್ ತನ್ನನ್ನು ತಾನೇ ಬೆಳೆಸಿಕೊಳ್ಳುವುದು ಹೀಗೆ.

ಚೆಂಡು ಹಾದಿಯ ದಿಕ್ಕಿನಲ್ಲಿ ಹೊರಟು ಮುಖ ನೋಡುವ ಕಡೆಗೆ ಬಾಗುತ್ತದೆ ಎಂದು ಬಹಳ ಕಾಲ ಕಲಿಸಲಾಗುತ್ತಿತ್ತು. 2000ದ ದಶಕದಲ್ಲಿ ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್‌ನಂತಹ ರೇಡಾರ್ ಯಂತ್ರಗಳು ಬಂದು ಅಳೆದು ತೋರಿಸಿದ ಮೇಲೆ ಆ ಪಾಠ ಬದಲಾಯಿತು. ಹಳೆಯ ಪಾಠವನ್ನು ನಂಬಿ ಕಲಿತವರು ಇಂದಿಗೂ ಬೇಕಾದಷ್ಟು ಜನ ಇರುವುದರಿಂದ ಈ ವಿಷಯವನ್ನು ಒತ್ತಿ ಹೇಳುತ್ತಿದ್ದೇನೆ.

ಹತ್ತಿರದ ಹೊಡೆತಗಳಿಗೆ ಬಳಸುವ ವೆಡ್ಜ್ ಕ್ಲಬ್ಬಿನಲ್ಲಿ ಹೊಡೆದಾಗ ನೇರ ಹೋಗುವ ಚೆಂಡು ಡ್ರೈವರ್‌ನಲ್ಲಿ ಮಾತ್ರ ಬಾಗುತ್ತದೆ ಎಂದು ದೂರುವವರಿದ್ದಾರೆ. ಸಾಮಾನ್ಯವಾಗಿ ಅವರ ಸ್ವಿಂಗ್ ಎರಡರಲ್ಲೂ ಒಂದೇ ಇರುತ್ತದೆ. ವೆಡ್ಜಿನ ಮುಖ ಹಿಂದಕ್ಕೆ ಬಹಳ ವಾಲಿರುವುದರಿಂದ ಚೆಂಡು ಹಿಮ್ಮುಖವಾಗಿ ಅತಿ ವೇಗವಾಗಿ ತಿರುಗುತ್ತದೆ. ಮುಖ ಮತ್ತು ಹಾದಿಗಳ ನಡುವೆ ಮೂರು ನಾಲ್ಕು ಡಿಗ್ರಿ ವ್ಯತ್ಯಾಸವಿದ್ದರೂ ಅಕ್ಷ ಹೆಚ್ಚು ವಾಲುವುದಿಲ್ಲ. 10 ಡಿಗ್ರಿ ಲಾಫ್ಟಿನ, ಅಂದರೆ ಮುಖ ಅಷ್ಟೇ ವಾಲಿರುವ, ಡ್ರೈವರ್‌ನಲ್ಲಿ ಆ ಆಸರೆ ಇಲ್ಲ. ಡ್ರೈವರ್ ದೋಷವನ್ನು ಹುಟ್ಟಿಸುವುದಿಲ್ಲ, ಇದ್ದ ದೋಷವನ್ನು ಎತ್ತಿ ತೋರಿಸುತ್ತದೆ.

ಮೊದಲು ಪರೀಕ್ಷೆ: ನಿಮ್ಮದು ಯಾವ ಸ್ಲೈಸ್?

ಅಭ್ಯಾಸದ ಮೈದಾನಕ್ಕೆ, ಅಂದರೆ ರೇಂಜಿಗೆ, ಹೋಗುವಾಗ ಒಂದು ಸಣ್ಣ ಟಾಲ್ಕಂ ಪೌಡರ್ ಡಬ್ಬಿ, ಒಂದು ಚಿಕ್ಕ ಪುಸ್ತಕ, ಒಂದು ಪೆನ್ನು ಇಟ್ಟುಕೊಳ್ಳಿ. ಡ್ರೈವರ್ ಮುಖಕ್ಕೆ ತೆಳುವಾಗಿ ಪೌಡರ್ ಸವರಿ ಒಂದು ಚೆಂಡು ಹೊಡೆಯಿರಿ. ಪೌಡರ್ ಅಳಿಸಿಹೋದ ಜಾಗದಲ್ಲಿ ಎಂಟಾಣೆ ನಾಣ್ಯದಷ್ಟಗಲದ ಗುರುತು, ಅದರೊಳಗೆ ಚೆಂಡಿನ ಕುಳಿಗಳ ಅಚ್ಚೂ ಸೇರಿದಂತೆ ಕಾಣುತ್ತದೆ. ಮುಖವನ್ನು ಒರೆಸಿ, ಮತ್ತೆ ಸವರಿ, ಹೀಗೆ ಹತ್ತು ಚೆಂಡು ಹೊಡೆಯಿರಿ. ಪ್ರತಿ ಹೊಡೆತಕ್ಕೂ ಮೂರು ವಿಷಯ ಬರೆದುಕೊಳ್ಳಬೇಕು: ಚೆಂಡು ಎತ್ತ ಹೊರಟಿತು, ಎತ್ತ ಬಾಗಿತು, ಮುಖದ ಯಾವ ಭಾಗಕ್ಕೆ ತಾಗಿತು. ಹೊರಟ ದಿಕ್ಕನ್ನು ಮೊದಲ ಇಪ್ಪತ್ತು ಗಜದೊಳಗೇ ಗಮನಿಸಿ. ಕೊನೆಯಲ್ಲಿ ಎಲ್ಲಿ ಬಿತ್ತು ಎಂಬುದನ್ನು ಮಾತ್ರ ನೋಡಿದರೆ ರೋಗ ಗೊತ್ತಾಗುವುದಿಲ್ಲ.

ಗುರುತುಗಳೆಲ್ಲ ಕ್ಲಬ್ಬಿನ ಹಿಮ್ಮಡಿ ಕಡೆ, ಅಂದರೆ ಶಾಫ್ಟ್ (ಕ್ಲಬ್ಬಿನ ಉದ್ದ ಕೋಲು) ಸೇರುವ ಕಡೆ, ಗುಂಪಾಗಿದ್ದರೆ ನಿಮ್ಮ ಸ್ಲೈಸಿನಲ್ಲಿ ಒಂದಷ್ಟು ಪಾಲು ಸ್ವಿಂಗಿನದಲ್ಲ. ಡ್ರೈವರ್‌ನ ಭಾರ ಮುಖದಿಂದ ಹಿಂದೆ ಇರುವುದರಿಂದ, ಚೆಂಡು ನಡುವಿಗೆ ತಾಗದಿದ್ದಾಗ ಕ್ಲಬ್‌ಹೆಡ್ ಒಂದು ಕಡೆ ತಿರುಗಿದರೆ ಚೆಂಡು, ಹಲ್ಲುಚಕ್ರಗಳಂತೆ, ಅದರ ವಿರುದ್ಧ ಕಡೆಗೆ ತಿರುಗುತ್ತದೆ. ಹಿಮ್ಮಡಿಗೆ ತಾಗಿದ ಚೆಂಡಿಗೆ ಬಲಕ್ಕೆ ಬಾಗುವ ತಿರುಗು ಸಿಗುವುದು ಹೀಗೆ. ಕಣ್ಣಿಗೆ ಅದು ಎಡಕ್ಕೆ ಹೊರಟು ಬಲಕ್ಕೆ ಬಾಗುವ ಮಾಮೂಲಿ ಸ್ಲೈಸಿನಂತೆಯೇ ಕಾಣುವುದರಿಂದ, ಪೌಡರ್ ಪರೀಕ್ಷೆ ಮಾಡದೆ ಸ್ವಿಂಗ್ ಬದಲಿಸಲು ಹೊರಟವರು ತಿಂಗಳುಗಟ್ಟಲೆ ವ್ಯರ್ಥ ಶ್ರಮಪಡುತ್ತಾರೆ.

ಗುರುತು ನಡುವಿನಲ್ಲಿದ್ದೂ ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತಿದ್ದರೆ ಹಾದಿ ಬಹಳ ಎಡಕ್ಕಿದೆ, ಮುಖ ಅದಕ್ಕಿಂತ ಕಡಿಮೆ ಎಡಕ್ಕಿದೆ. ನೇರವಾಗಿ ಹೊರಟು ಬಾಗುತ್ತಿದ್ದರೆ ಮುಖ ಗುರಿಯನ್ನೇ ನೋಡುತ್ತಿದೆ, ಹಾದಿ ಮಾತ್ರ ಎಡಕ್ಕಿದೆ. ಇದು ಸುಲಭವಾಗಿ ತಿದ್ದಬಹುದಾದ ಬಗೆ. ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಬಾಗುತ್ತಿದ್ದರೆ ಮುಖವೇ ಬಹಳ ತೆರೆದಿದೆ, ಅಂಥವರು ಹಾದಿಯ ಯೋಚನೆಯನ್ನೇ ಸದ್ಯಕ್ಕೆ ಬಿಡಬೇಕು. ಮುಖ ಒಂದು ಡಿಗ್ರಿ ತಪ್ಪಿದರೆ 200 ಗಜ ದೂರದಲ್ಲಿ ಚೆಂಡು ಮೂರೂವರೆ ಗಜ ಪಕ್ಕಕ್ಕೆ ಹೋಗುತ್ತದೆ. ಮೂರು ಡಿಗ್ರಿ ತಪ್ಪಿದರೆ ಹತ್ತು ಗಜಕ್ಕೂ ಮಿಕ್ಕಿ. ಬಾಗುವ ಲೆಕ್ಕ ಇದರ ಮೇಲೆ ಬೇರೆ.

ಮೊದಲ ಹೆಜ್ಜೆ: ಹಿಡಿತ

ಗ್ರಿಪ್ ಬಗ್ಗೆ ಓದಲು ಯಾರಿಗೂ ಆಸಕ್ತಿ ಇರುವುದಿಲ್ಲ ಎಂದು ಬಲ್ಲೆ. ಆದರೂ ಈ ಬರಹದಲ್ಲಿ ಒಂದೇ ಭಾಗವನ್ನು ಓದುವಷ್ಟು ಸಮಯ ನಿಮಗಿದ್ದರೆ ಇದನ್ನೇ ಓದಿ. ದೇಹದಲ್ಲಿ ಕ್ಲಬ್ಬನ್ನು ಮುಟ್ಟುವುದು ಕೈಗಳು ಮಾತ್ರ. ಮುಖ ಎತ್ತ ನೋಡಬೇಕೆಂದು ಹೇಳುವ ಅಧಿಕಾರ ಅವಕ್ಕೇ ಇದೆ.

ನಿಮ್ಮ ಎಡಗೈ ಗ್ಲೌಸನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕೆಳಗೆ ಮಣಿಕಟ್ಟಿನ ಹತ್ತಿರವಿರುವ ಮಾಂಸಲ ಭಾಗದಲ್ಲಿ ಚರ್ಮ ಸವೆದು ಕಪ್ಪಾಗಿದೆಯೇ, ತೂತು ಬಿದ್ದಿದೆಯೇ? ಹಾಗಿದ್ದರೆ ನೀವು ಕ್ಲಬ್ಬನ್ನು ಬೆರಳುಗಳಲ್ಲಿ ಹಿಡಿಯದೆ ಅಂಗೈಯಲ್ಲಿ ಹಿಡಿಯುತ್ತಿದ್ದೀರಿ, ಪ್ರತಿ ಸ್ವಿಂಗಿನಲ್ಲೂ ಹಿಡಿ ಅಲ್ಲಿ ಜಾರಿ ಉಜ್ಜುತ್ತಿದೆ. ನನ್ನ ಮೊದಲ ಆರು ಗ್ಲೌಸುಗಳೂ ಅದೇ ಜಾಗದಲ್ಲಿ ಹರಿದಿದ್ದವು. ಅಂಗೈಯಲ್ಲಿ ಹಿಡಿದ ಕ್ಲಬ್ಬಿಗೆ ಮಣಿಕಟ್ಟು ಸಲೀಸಾಗಿ ಮಡಿಯುವುದಿಲ್ಲ, ಮುಂಗೈ ತಿರುಗುವುದಿಲ್ಲ, ಮುಖ ಮುಚ್ಚುವುದಿಲ್ಲ.

ಸರಿಯಾದ ಹಿಡಿತವನ್ನು ಹೀಗೆ ಕಟ್ಟಿಕೊಳ್ಳಿ. ಮೊದಲು ಕ್ಲಬ್ಬಿನ ಮುಖವನ್ನು ಗುರಿಗೆ ನೇರವಾಗಿಟ್ಟು ಬಲಗೈಯಲ್ಲಿ ಶಾಫ್ಟನ್ನು ಹಿಡಿದುಕೊಳ್ಳಿ. ಎಡತೋಳನ್ನು ಸಡಿಲವಾಗಿ ಪಕ್ಕದಲ್ಲಿ ಇಳಿಬಿಡಿ. ಅದು ತನ್ನಷ್ಟಕ್ಕೆ ತೂಗಿದಾಗ ಅಂಗೈ ತೊಡೆಯ ಕಡೆಗೆ ತುಸು ಒಳಮುಖವಾಗಿ ತಿರುಗಿರುತ್ತದೆ. ಕೈಯನ್ನು ಅದೇ ಕೋನದಲ್ಲಿ ಹಾಗೆಯೇ ಮುಂದಕ್ಕೆ ತಂದು ಹಿಡಿಯ ಮೇಲಿಡಿ. ಹಿಡಿ ತೋರುಬೆರಳಿನ ನಡುಗೆಣ್ಣಿನಿಂದ ಹೊರಟು ಓರೆಯಾಗಿ ಕಿರುಬೆರಳಿನ ಬುಡದವರೆಗೆ ಹಾಯಬೇಕು, ಅಂಗೈಯ ಮಾಂಸಲ ಭಾಗ ಅದರ ಮೇಲೆ ಮುಚ್ಚಳದಂತೆ ಕೂರಬೇಕು. ಸರಿಯಾಗಿದೆಯೇ ಎಂದು ತಿಳಿಯಲು ಉಳಿದ ಬೆರಳುಗಳನ್ನೆಲ್ಲ ಬಿಡಿಸಿ, ತೋರುಬೆರಳ ಕೊಕ್ಕೆ ಮತ್ತು ಆ ಮಾಂಸಲ ಭಾಗ ಇವೆರಡರಿಂದಲೇ ಕ್ಲಬ್ಬನ್ನು ಎತ್ತಿ. ಎತ್ತಲು ಬಂದರೆ ಹಿಡಿತ ಬೆರಳುಗಳಲ್ಲಿದೆ. ಹೆಬ್ಬೆರಳು ಹಿಡಿಯ ನಟ್ಟನಡುವೆ ಇರದೆ ತುಸು ಬಲಕ್ಕೆ ಸರಿದಿರಲಿ.

ಈಗ ತಲೆ ಬಗ್ಗಿಸಿ ನೋಡಿದರೆ ಎಡಗೈಯ ಎಷ್ಟು ಗೆಣ್ಣುಗಳು ಕಾಣುತ್ತವೆ? ಒಂದೇ ಕಂಡರೆ ಕೈ ಎಡಕ್ಕೆ ಹೊರಳಿದೆ, ಇದೇ ಸ್ಲೈಸ್ ಆಟಗಾರರ ಸಾಮಾನ್ಯ ಹಿಡಿತ. ಕನಿಷ್ಠ ಎರಡೂವರೆ, ಸ್ಲೈಸ್ ತೀವ್ರವಾಗಿದ್ದವರಿಗೆ ಮೂರು ಗೆಣ್ಣುಗಳು ಕಾಣಬೇಕು. ಹೆಬ್ಬೆರಳು ಮತ್ತು ತೋರುಬೆರಳುಗಳ ಸಂದಿಯಲ್ಲಿ ಮೂಡುವ ಗೆರೆ ನಿಮ್ಮ ಬಲಭುಜವನ್ನು ತೋರಿಸುತ್ತಿರಬೇಕು. ಬಲಗೈಯನ್ನು ಸೇರಿಸುವಾಗ ಅದು ಹಿಡಿಯ ಮೇಲಿಂದ ಕೂರದೆ ಪಕ್ಕದಿಂದ ಬರಲಿ, ಅಂಗೈಯ ನಡುವಿನ ಹಳ್ಳ ಎಡ ಹೆಬ್ಬೆರಳನ್ನು ಮುಚ್ಚಲಿ. ಆ ಕೈಯ ಗೆರೆಯೂ ಬಲಭುಜದ ಕಡೆಗೇ ಇರಲಿ. ಕಿರುಬೆರಳನ್ನು ಎಡಗೈ ಬೆರಳುಗಳ ಮೇಲಿಡುವುದೋ, ಹೆಣೆಯುವುದೋ, ಹತ್ತೂ ಬೆರಳುಗಳನ್ನು ಹಿಡಿಯ ಮೇಲಿಡುವುದೋ ನಿಮ್ಮ ಕೈಯ ಅನುಕೂಲ. ಸ್ಲೈಸಿಗೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಕ್ಲಬ್ಬನ್ನು ಹಿಡಿದುಕೊಂಡೇ ಕೈಗಳನ್ನು ಬಲಕ್ಕೆ ತಿರುಗಿಸುತ್ತಾರೆ. ಆಗ ಕೈಯ ಜೊತೆ ಮುಖವೂ ತಿರುಗುವುದರಿಂದ ಏನೂ ಬದಲಾದಂತಾಗುವುದಿಲ್ಲ. ಮುಖ ನೇರವಾಗಿರುವಾಗ ಕೈಗಳನ್ನು ಪೂರ್ತಿ ಬಿಟ್ಟು, ಹೊಸದಾಗಿ ಹಿಡಿಯಬೇಕು. ಇನ್ನೊಂದು ಮಾತು. ದೊಡ್ಡ ಆಟಗಾರರ ಚಿತ್ರಗಳನ್ನು ನೋಡಿ ಹಿಡಿತ ಕಲಿಯುವವರು ಜಾಗ್ರತೆಯಾಗಿರಬೇಕು. ಬೆನ್ ಹೋಗನ್ ತಮ್ಮ ಎಡಗೈಯನ್ನು ಎಡಕ್ಕೆ ಹೊರಳಿಸಿ ಹಿಡಿದದ್ದು ಅವರನ್ನು ವರ್ಷಗಟ್ಟಲೆ ಕಾಡಿದ ಹುಕ್ ದೋಷವನ್ನು, ಅಂದರೆ ಎಡಕ್ಕೆ ಬಾಗುವ ಹೊಡೆತವನ್ನು, ಗುಣಪಡಿಸಲಿಕ್ಕೆ. ಅದೇ ಔಷಧವನ್ನು ಸ್ಲೈಸ್ ಇರುವವರು ಕುಡಿದರೆ ಕಾಯಿಲೆ ಉಲ್ಬಣಿಸುತ್ತದೆ.

ಬಿಗಿತದ ವಿಷಯಕ್ಕೆ ಬಂದರೆ, ಕೈ ಬಿಗಿಯಾದಷ್ಟೂ ಮುಂಗೈ ಮರಗಟ್ಟುತ್ತದೆ. ಎಡಗೈಯ ಕೊನೆಯ ಮೂರು ಬೆರಳುಗಳಲ್ಲಿ ಮಾತ್ರ ಕ್ಲಬ್ಬು ಜಾರದಷ್ಟು ಬಿಗಿ ಇರಲಿ. ಹೊಸ ಹಿಡಿತ ಮೊದಮೊದಲು ಪರರ ಕೈಯಂತೆ ಅನಿಸುತ್ತದೆ. ಎರಡು ವಾರ ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಚೆಂಡು ಹೊಡೆಯದೆ ಹಿಡಿದು ಬಿಡುವ ಅಭ್ಯಾಸ ಮಾಡಿದವರಿಗೆ ರೇಂಜಿನಲ್ಲಿ ಅದು ಅಪರಿಚಿತವಾಗಿ ಉಳಿಯುವುದಿಲ್ಲ.

ಎರಡನೆಯ ಹೆಜ್ಜೆ: ನಿಲುವು

ಎರಡು ಉದ್ದ ಕೋಲುಗಳನ್ನು ನೆಲದ ಮೇಲಿಡಿ. ಬ್ಯಾಗಿನ ಎರಡು ಕ್ಲಬ್ಬುಗಳಾದರೂ ಸರಿ. ಒಂದು ಚೆಂಡಿನ ಆಚೆ ಗುರಿಯ ದಿಕ್ಕಿಗೆ, ಇನ್ನೊಂದು ನಿಮ್ಮ ಕಾಲ್ಬೆರಳುಗಳ ಮುಂದೆ ಅದಕ್ಕೆ ಸಮಾನಾಂತರವಾಗಿ. ಪಾದಗಳಷ್ಟೇ ನೇರವಾಗಿದ್ದರೆ ಸಾಲದು, ಭುಜಗಳೂ ಅದೇ ದಿಕ್ಕಿನಲ್ಲಿರಬೇಕು. ಸ್ಲೈಸ್ ಆಟಗಾರರ ಪಾದ ನೇರವಿದ್ದರೂ ಭುಜ ಎಡಕ್ಕೆ ತೆರೆದಿರುವುದು ಸಾಮಾನ್ಯ. ಜೊತೆಯವರೊಬ್ಬರು ಹಿಂದೆ ನಿಂತು ನಿಮ್ಮ ಎರಡೂ ಭುಜಗಳಿಗೆ ಒಂದು ಕ್ಲಬ್ಬನ್ನು ಅಡ್ಡ ಹಿಡಿದು ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಭುಜ ತೆರೆದುಕೊಳ್ಳಲು ಮುಖ್ಯ ಕಾರಣ ಚೆಂಡನ್ನು ಬಹಳ ಮುಂದೆ ಇಡುವುದು. ಡ್ರೈವರ್‌ಗೆ ಚೆಂಡು ಎಡ ಹಿಮ್ಮಡಿಯ ಒಳಅಂಚಿಗೆ ನೇರವಾಗಿರಬೇಕು. ಅದಕ್ಕಿಂತ ಮುಂದಿದ್ದರೆ ಚೆಂಡನ್ನು ತಲುಪಲು ಬಲಭುಜ ಮುಂದಕ್ಕೆ ಬರಲೇಬೇಕಾಗುತ್ತದೆ; ಅಲ್ಲದೆ ಕ್ಲಬ್ಬು ಕಮಾನಿನಂತೆ ಸಾಗುವುದರಿಂದ ಚೆಂಡನ್ನು ತಲುಪುವ ಹೊತ್ತಿಗೆ ಅದು ಎಡಕ್ಕೆ ತಿರುಗಿ ಹೊರಟಿರುತ್ತದೆ. ಬಲಗೈ ಎಡಗೈಗಿಂತ ಕೆಳಗಿರುವುದರಿಂದ ಬಲಭುಜವೂ ತುಸು ಕೆಳಗಿರುವುದು ಸಹಜ, ಅದನ್ನು ಬಲವಂತವಾಗಿ ಮೇಲೆತ್ತಬೇಡಿ. ಟೀ ಎತ್ತರ, ಡ್ರೈವರ್ ನೆಲದ ಮೇಲೆ ಕೂತಾಗ ಅರ್ಧ ಚೆಂಡು ಅದರ ನೆತ್ತಿಯಿಂದ ಮೇಲೆ ಕಾಣುವಷ್ಟಿರಲಿ. ಟೀ ತಗ್ಗಾಗಿದ್ದರೆ ಮೇಲಿಂದ ಕಡಿಯುವ ಮನಸ್ಸಾಗುತ್ತದೆ.

ಮೂರನೆಯ ಹೆಜ್ಜೆ: ಸ್ವಿಂಗಿನಲ್ಲಿ ಮುಖ ಮುಚ್ಚುವುದು

ಕ್ರಿಕೆಟ್ ಆಡಿ ಬೆಳೆದ ನಮಗೆ ಇಲ್ಲೊಂದು ವಿಶೇಷ ತೊಡಕಿದೆ. ಬ್ಯಾಟಿನ ಮುಖ ಹಿಡಿಯ ನೇರದಲ್ಲೇ ಇರುತ್ತದೆ. ಕವರ್ ಡ್ರೈವ್ ಮಾಡುವಾಗ ಅದನ್ನು ತಿರುಗಿಸದೆ ಚೆಂಡಿನ ದಿಕ್ಕಿಗೆ ಪೂರ್ತಿ ತೋರಿಸುತ್ತ ಸಾಗಿಸುವುದೇ ಒಳ್ಳೆಯ ಆಟ. ಗಾಲ್ಫ್ ಕ್ಲಬ್ಬಿನ ತಲೆ ಶಾಫ್ಟಿನಿಂದ ಪಕ್ಕಕ್ಕೆ ಚಾಚಿಕೊಂಡಿದೆ. ಕ್ಲಬ್ಬನ್ನು ಹಿಂದಕ್ಕೆ ಎತ್ತುವ ಬ್ಯಾಕ್‌ಸ್ವಿಂಗ್‌ನಲ್ಲಿ ದೇಹ ತಿರುಗಿದಂತೆ ಮುಖ ತಾನಾಗಿ ತೆರೆಯುತ್ತದೆ, ಇಳಿದು ಬರುವಾಗ ಅದನ್ನು ಮುಂಗೈಗಳು ಮತ್ತೆ ತಿರುಗಿಸಿ ಮುಚ್ಚಬೇಕು. ಬ್ಯಾಟಿನ ಅಭ್ಯಾಸದಲ್ಲಿ ಮುಖವನ್ನು ಗುರಿಯತ್ತ ಹಿಡಿದಿಡಲು ಹೋದರೆ ತೆರೆದ ಮುಖ ತೆರೆದೇ ಉಳಿಯುತ್ತದೆ.

ಎಡ ಮಣಿಕಟ್ಟು ಇದರ ಕೀಲಿ. ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಎಡಗೈಯ ಹಿಂಬದಿ ಮುಂಗೈಯ ಕಡೆಗೆ ಬಾಗಿ ಬಟ್ಟಲಿನಂತೆ ಕುಳಿಯಾದರೆ ಮುಖ ತೆರೆಯುತ್ತದೆ. ಚಪ್ಪಟೆಯಾದರೆ ಮುಚ್ಚುವ ಕಡೆಗೆ ಬರುತ್ತದೆ. ಮಕ್ಕಳ ಕಂಪಾಸ್ ಬಾಕ್ಸಿನಲ್ಲಿರುವ 15 ಸೆಂಟಿಮೀಟರ್ ಸ್ಕೇಲನ್ನು ಗ್ಲೌಸಿನ ಪಟ್ಟಿಯೊಳಗೆ, ಅರ್ಧ ಕೈಯ ಹಿಂಬದಿಯಲ್ಲಿ ಅರ್ಧ ಮುಂಗೈ ಮೇಲೆ ಇರುವಂತೆ ತೂರಿಸಿ, ಕ್ಲಬ್ಬನ್ನು ನಿಧಾನವಾಗಿ ಮೇಲಕ್ಕೆ ಒಯ್ಯಿರಿ. ಮಣಿಕಟ್ಟು ಕುಳಿಯಾಗುತ್ತಿದ್ದಂತೆ ಸ್ಕೇಲಿನ ಅಂಚು ಚರ್ಮಕ್ಕೆ ಒತ್ತುತ್ತದೆ. ಮೂರು ಗೆಣ್ಣು ಕಾಣುವ ಹಿಡಿತದಲ್ಲಿ ನಿಂತಾಗಲೇ ಒಂದಿಷ್ಟು ಒತ್ತಡ ಇರುವುದುಂಟು. ಮೇಲೆ ಹೋದಾಗ ಅದು ಹೆಚ್ಚಬಾರದು, ಅಷ್ಟೇ. ಇದನ್ನು ಚೆಂಡಿಲ್ಲದೆ ಮಾತ್ರ ಮಾಡಿ.

ನಂತರ 8 ಐರನ್ ಎಂಬ ಚಿಕ್ಕ ಕ್ಲಬ್ಬನ್ನು ಹಿಡಿದು ಅರ್ಧ ಸ್ವಿಂಗ್ ಅಭ್ಯಾಸಕ್ಕೆ ಬನ್ನಿ. ಕೈಗಳು ಹಿಂದೆ ಸೊಂಟದ ಎತ್ತರಕ್ಕೆ, ಮುಂದೆ ಸೊಂಟದ ಎತ್ತರಕ್ಕೆ, ಅಷ್ಟೇ. ಹಿಂದೆ ನಿಲ್ಲಿಸಿ ನೋಡಿದಾಗ ಕ್ಲಬ್ಬಿನ ಮುಂಗೆರೆ (ಮುಖದ ಕೆಳಅಂಚು) ನಿಮ್ಮ ಬೆನ್ನಿನ ಬಾಗಿಗೆ ಸಮನಾಗಿ ತುಸು ನೆಲದ ಕಡೆ ವಾಲಿರಬೇಕು. ಮುಖ ಆಕಾಶ ನೋಡುತ್ತಿದ್ದರೆ ಆಗಲೇ ತೆರೆದಾಗಿದೆ. ಹೊಡೆದ ಮೇಲೆ ಮುಂದೆ ನಿಲ್ಲಿಸಿದಾಗ ಕ್ಲಬ್ಬಿನ ತಲೆಯ ತುದಿ ಮೇಲಕ್ಕೆ ನಿಂತಿರಬೇಕು, ಬಲ ಮುಂಗೈ ಎಡ ಮುಂಗೈಯ ಮೇಲೆ ಬರುತ್ತಿರಬೇಕು. ಅದು ಹೇಗಿರುತ್ತದೆಂದು ತಿಳಿಯದಿದ್ದರೆ ಎರಡು ಕೈಗಳ ನಡುವೆ ನಾಲ್ಕು ಬೆರಳು ಅಂತರ ಬಿಟ್ಟು ಹಿಡಿದು ಮೆಲ್ಲಗೆ ಬೀಸಿ ನೋಡಿ; ಬಲಗೈ ಎಡಗೈಯನ್ನು ದಾಟಿ ಹೊರಳುವುದು ಆಗ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ಈ ಅರ್ಧ ಹೊಡೆತದಲ್ಲಿ ಚೆಂಡು ತುಸು ಎಡಕ್ಕೆ ಬಾಗುವವರೆಗೆ ಡ್ರೈವರ್ ಮುಟ್ಟಬೇಡಿ. ಇದಕ್ಕೆ ಎರಡು ದಿನವೂ ಸಾಕಾಗಬಹುದು, ಎರಡು ವಾರವೂ ಬೇಕಾಗಬಹುದು.

ನಾಲ್ಕನೆಯ ಹೆಜ್ಜೆ: ಹಾದಿ

ಕ್ಲಬ್ಬು ಗುರಿಯ ಗೆರೆಯ ಹೊರಗಿನಿಂದ ಒಳಕ್ಕೆ ಕತ್ತರಿಸಿಕೊಂಡು ಬರುವುದು ಸ್ಲೈಸಿನ ಎರಡನೆಯ ಅರ್ಧ. ಕ್ಲಬ್ಬನ್ನು ಕೆಳಗಿಳಿಸುವ ಡೌನ್‌ಸ್ವಿಂಗ್ ಶುರುವಾಗುವಾಗ ಬಲಭುಜವೂ ಬಲಗೈಯೂ ಮೊದಲು ನುಗ್ಗಿದರೆ ಹೀಗಾಗುತ್ತದೆ. ಇದು ಹಲವರಲ್ಲಿ ಮೂಲ ರೋಗವಲ್ಲ, ತೆರೆದ ಮುಖಕ್ಕೆ ದೇಹ ತಾನೇ ಕಂಡುಕೊಂಡ ಪರಿಹಾರ: ಚೆಂಡು ಬಲಕ್ಕೆ ಹೋಗುತ್ತದೆಂದು ಗೊತ್ತಿರುವ ದೇಹ ಅದನ್ನು ಎಡಕ್ಕೆ ಎಳೆಯಲು ನೋಡುತ್ತದೆ. ಮುಖ ಸರಿಯಾದ ಮೇಲೆ ಚೆಂಡು ನೆಟ್ಟಗೆ ಎಡಕ್ಕೆ ಹೋಗತೊಡಗುತ್ತದೆ, ಎಡಕ್ಕೆ ಎಳೆಯುವ ಅಗತ್ಯ ಇಲ್ಲವಾಗುತ್ತದೆ, ಅರ್ಧದಷ್ಟು ಮಂದಿಗೆ ಹಾದಿ ತನ್ನಿಂದ ತಾನೇ ನೇರವಾಗುತ್ತ ಬರುವುದನ್ನು ನಾನು ಜೊತೆಗಾರರಲ್ಲಿ ಕಂಡಿದ್ದೇನೆ. ಹಿಡಿತಕ್ಕೆ ಮೊದಲ ಸ್ಥಾನ ಕೊಟ್ಟದ್ದು ಅದಕ್ಕೇ.

ಉಳಿದವರಿಗೆ ಮೂರು ಅಭ್ಯಾಸಗಳನ್ನು ಹೇಳುತ್ತೇನೆ. ಮೊದಲನೆಯದು, ತುದಿಯಿಂದ ಇಳಿಸುವುದು. ಬ್ಯಾಕ್‌ಸ್ವಿಂಗ್‌ನ ತುದಿಗೆ ಹೋಗಿ, ಬೆನ್ನನ್ನು ಗುರಿಯ ಕಡೆಗೇ ಇಟ್ಟುಕೊಂಡು, ಭಾರವನ್ನು ಎಡಗಾಲಿಗೆ ಬಿಟ್ಟು, ಕೈಗಳನ್ನು ಮಾತ್ರ ಬಲ ಸೊಂಟದ ಹತ್ತಿರಕ್ಕೆ ನೇರ ಕೆಳಗೆ ಇಳಿಸಿ. ಮತ್ತೆ ಮೇಲೆ ಹೋಗಿ. ಮತ್ತೆ ಇಳಿಸಿ. ಮೂರನೆಯ ಸಲ ನಿಲ್ಲಿಸದೆ ಹೊಡೆಯಿರಿ. ಬಲ ಮೊಣಕೈ ಪಕ್ಕೆಲುಬಿಗೆ ಸವರಿಕೊಂಡು ಬರುವುದು ಗೊತ್ತಾಗಬೇಕು.

ಎರಡನೆಯದಕ್ಕೆ ಒಂದು ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಬೇಕು. ಅದನ್ನು ಚೆಂಡಿನಿಂದ ಒಂದು ಅಡಿ ಹಿಂದೆ, ಗುರಿಯ ಗೆರೆಯಿಂದ ಒಂದು ಗೇಣು ಆಚೆಗೆ, ಅಂದರೆ ನಿಮ್ಮಿಂದ ದೂರದ ಕಡೆಗೆ, ಮಲಗಿಸಿಡಿ. ಹೊರಗಿನಿಂದ ಬರುವ ಕ್ಲಬ್ಬು ಬಾಟಲಿಗೆ ತಾಗಿಯೇ ತಾಗುತ್ತದೆ, ಒಳಗಿನಿಂದ ಬರುವ ಕ್ಲಬ್ಬು ತಾಗುವುದಿಲ್ಲ. ಈ ಅಭ್ಯಾಸದ ಗುಣವೇನೆಂದರೆ, ಏನು ಮಾಡಬೇಕೆಂದು ಮನಸ್ಸಿಗೆ ಹೇಳಬೇಕಾಗಿಲ್ಲ. ಬಾಟಲಿಯನ್ನು ತಪ್ಪಿಸಿಕೊಳ್ಳುವ ದಾರಿಯನ್ನು ದೇಹ ತಾನೇ ಹುಡುಕಿಕೊಳ್ಳುತ್ತದೆ. ಮೊದಲ ಇಪ್ಪತ್ತು ಹೊಡೆತ ಅರ್ಧ ವೇಗದಲ್ಲೇ ಇರಲಿ, ಪಕ್ಕದ ಬೇಯಲ್ಲಿ (ಹೊಡೆಯುವ ಜಾಗದಲ್ಲಿ) ಯಾರೂ ಇಲ್ಲದಾಗ ಮಾಡಿ.

ಮೂರನೆಯದು, ಬಲಪಾದವನ್ನು ಆರು ಇಂಚು ಹಿಂದಕ್ಕೆ ಎಳೆದು ನಿಂತು ಹೊಡೆಯುವುದು. ಬ್ಯಾಕ್‌ಸ್ವಿಂಗ್‌ನಲ್ಲಿ ಸೊಂಟ ಪೂರ್ತಿ ತಿರುಗಲು ಜಾಗ ಸಿಗುತ್ತದೆ, ಇಳಿಯುವಾಗ ಕ್ಲಬ್ಬು ಒಳಗಿನಿಂದ ಬರುತ್ತದೆ. ಬೆನ್ನು ಬಿಗಿಯಾಗಿರುವ, ವಯಸ್ಸಾದ ಆಟಗಾರರಿಗೆ ಇದು ಅಭ್ಯಾಸವಷ್ಟೇ ಅಲ್ಲ, ಆಟದಲ್ಲೂ ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ನಿಲುವು.

ಪೌಡರ್ ಪರೀಕ್ಷೆಯಲ್ಲಿ ಹಿಮ್ಮಡಿಗೆ ತಾಗುತ್ತಿದ್ದವರು ಚೆಂಡಿನ ಎರಡು ಪಕ್ಕಕ್ಕೂ ಕ್ಲಬ್‌ಹೆಡ್ಡಿಗಿಂತ ಅರ್ಧ ಇಂಚು ಹೆಚ್ಚು ಅಗಲ ಬಿಟ್ಟು ಎರಡು ಟೀ ನೆಟ್ಟು, ಆ ಬಾಗಿಲಿನ ನಡುವೆ ಕ್ಲಬ್ಬು ಹಾಯಿಸಿ. ಹೊರಗಿನ ಟೀ ಹಾರುತ್ತಿದ್ದರೆ ಹೊಡೆಯುವಾಗ ದೇಹ ಚೆಂಡಿನ ಕಡೆ ಜರುಗುತ್ತಿದೆ, ಭಾರ ಕಾಲ್ಬೆರಳುಗಳ ಮೇಲಿದೆ. ನಿಲ್ಲುವಾಗ ಭಾರವನ್ನು ಪಾದದ ನಡುವಿಗೆ ತನ್ನಿ.

ಸಲಕರಣೆಯಿಂದ ಎಷ್ಟು ಸಹಾಯ?

ಕೊಂಚ ಸಹಾಯವಾಗುತ್ತದೆ. 9 ಡಿಗ್ರಿ ಡ್ರೈವರ್ ಬಿಟ್ಟು 10.5 ಅಥವಾ 12 ಡಿಗ್ರಿಯದನ್ನು ಹಿಡಿದರೆ ಅದೇ ಸ್ವಿಂಗಿನಲ್ಲಿ ಬಾಗು ಕಡಿಮೆಯಾಗುತ್ತದೆ. ಲಾಫ್ಟ್ ಬದಲಿಸುವ ತಿರುಪು ಇರುವ ಡ್ರೈವರ್‌ನಲ್ಲಿ ಲಾಫ್ಟ್ ಏರಿಸಿದರೆ ಮುಖವೂ ತುಸು ಮುಚ್ಚುತ್ತದೆ. ಹಿಮ್ಮಡಿ ಕಡೆ ಭಾರ ಹೆಚ್ಚಿಟ್ಟ ಡ್ರೈವರ್‌ಗಳೂ ಸಿಗುತ್ತವೆ. ಅಂಗಡಿಯಲ್ಲಿ ಬರುವ ಡ್ರೈವರ್‌ಗಳ ಉದ್ದ ಸಾಮಾನ್ಯವಾಗಿ 45 ಇಂಚಿಗಿಂತ ಹೆಚ್ಚು. ಹಿಡಿಯನ್ನು ಒಂದು ಇಂಚು ಕೆಳಗೆ ಹಿಡಿದರೆ ಖರ್ಚಿಲ್ಲದೆ ಚೆಂಡು ನಡುವಿಗೆ ತಾಗತೊಡಗುತ್ತದೆ. ಆದರೆ ಹಿಡಿತ ತಿದ್ದದೆ ಸಾವಿರಾರು ರೂಪಾಯಿಯ ಹೊಸ ಡ್ರೈವರ್ ಕೊಂಡವರ ಸ್ಲೈಸ್ ಹೊಸ ಡ್ರೈವರ್‌ಗೂ ಬರುತ್ತದೆ.

ರೇಂಜಿನಿಂದ ಕೋರ್ಸಿಗೆ

ವಾರಕ್ಕೆ ಎರಡು ಸಲ, ಸಲಕ್ಕೆ ಅರವತ್ತು ಚೆಂಡು ಸಾಕು. ಇಪ್ಪತ್ತು ಅರ್ಧ ಸ್ವಿಂಗ್, ಇಪ್ಪತ್ತು 7 ಐರನ್, ಕೊನೆಗೆ ಡ್ರೈವರ್. ಅದೂ ಮುಕ್ಕಾಲು ವೇಗದಲ್ಲಿ. ದೂರ ಕಡಿಮೆಯಾಯಿತೆಂದು ಕೊರಗಬೇಕಿಲ್ಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದಾಗ ಆ ಕೂಟದಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದರು.

ಒಂದು ವಿಷಯ ನೆನಪಿರಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಚೆಂಡು ಕೊಂಚ ಕಡಿಮೆ ಬಾಗುತ್ತದೆ. ಇಲ್ಲಿ ವಾಸಿಯಾದಂತೆ ಕಂಡ ಸ್ಲೈಸ್ ಮಂಗಳೂರಿನಲ್ಲೋ ಚೆನ್ನೈಯಲ್ಲೋ ಆಡಿದಾಗ ಮತ್ತೆ ತಲೆ ಎತ್ತಿದರೆ ಸ್ವಿಂಗ್ ಕೆಟ್ಟಿತೆಂದು ತೀರ್ಮಾನಿಸಬೇಡಿ. ಎದುರುಗಾಳಿಯಲ್ಲೂ ಹೀಗೇ ಆಗುತ್ತದೆ.

ಕೋರ್ಸಿನಲ್ಲಿ ಆಡುವ ದಿನ ಒಂದೇ ವಿಚಾರ ಮನಸ್ಸಿನಲ್ಲಿರಲಿ, ಅದು ಹಿಡಿತದ್ದಾಗಿರಲಿ. 1876ರಷ್ಟು ಹಿಂದೆಯೇ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂತೆ ಊರ ನಡುವಿನ ಕೋರ್ಸಿನಲ್ಲಿ ಡ್ರೈವರ್ ಬಗ್ಗೆ ಅಳುಕಿದ್ದರೆ ಟೀ ಮೇಲಿಂದ ಡ್ರೈವರ್‌ಗಿಂತ ಚಿಕ್ಕದಾದ 5 ವುಡ್ ಕ್ಲಬ್ಬಿನಲ್ಲಿ ಹೊಡೆಯಿರಿ. ಆದರೆ ಎಡಕ್ಕೆ ತಿರುಗಿ ಮಾತ್ರ ನಿಲ್ಲಬೇಡಿ. ಇಷ್ಟು ದಿನ ನಿಂತ ಹಾಗೆ ಎಡಕ್ಕೆ ನಿಂತರೆ ಎರಡು ಹೊಡೆತಗಳೊಳಗೆ ಹಳೆಯ ಹಾದಿ ಮರಳಿ ಬರುತ್ತದೆ.

ಕೆಲವು ವಾರಗಳಾದ ಮೇಲೆ ಒಂದು ದಿನ ಚೆಂಡು ನೇರ ಹೊರಟು ಎಡಕ್ಕೆ ಬಾಗಿ ಎಡಗಡೆಯ ರಫ್ಫಿನಲ್ಲಿ, ಅಂದರೆ ಉದ್ದ ಹುಲ್ಲಿನಲ್ಲಿ, ಬೀಳುತ್ತದೆ. ಗಾಬರಿಯಾಗಿ ಹಿಡಿತವನ್ನು ಹಳೆಯದಕ್ಕೆ ಬದಲಿಸಬೇಡಿ. ಹಾಗೆಯೇ ಇನ್ನೂ ಹತ್ತು ಚೆಂಡು ಹೊಡೆದು ಪುಸ್ತಕದಲ್ಲಿ ಬರೆದುಕೊಳ್ಳಿ. ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಎಡಕ್ಕೆ ಜೋರಾಗಿ ಬಾಗಿದರೆ ಮಾತ್ರ ಎಡಗೈಯನ್ನು ಅರ್ಧ ಗೆಣ್ಣಿನಷ್ಟು ಎಡಕ್ಕೆ ತನ್ನಿ, ಬಲಗೈಯನ್ನು ಇದ್ದಲ್ಲೇ ಬಿಡಿ, ಮತ್ತೆ ಹತ್ತು ಚೆಂಡು ಹೊಡೆದು ನೋಡಿ.